ಮೇಜಿನ ಮೇಲಿನ ಒದ್ದೆ ಉಂಗುರ: ಸೋರುವ ಮಗ್‌ನ ಬೆನ್ನು ಹತ್ತಿ ಕಿಲ್ನ್ ಬಿಚ್ಚಿದ್ದು

ಮೊದಲು ಕಂಡದ್ದು ಒಂದು ಒದ್ದೆ ಉಂಗುರ. ರಾತ್ರಿ ನೀರು ತುಂಬಿ ಮೇಜಿನ ಮೇಲಿಟ್ಟಿದ್ದ ಮಗ್ ಅನ್ನು ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಮರ ಕಪ್ಪಾಗಿತ್ತು, ಸರಿಯಾಗಿ ಮಗ್‌ನ ಪಾದದ ಅಳತೆಗೆ. ಎಲ್ಲೋ ಚೆಲ್ಲಿರಬೇಕು ಅಂತ ಒರೆಸಿ ಸುಮ್ಮನಾದೆ. ಮಾರನೇ ದಿನವೂ ಉಂಗುರ. ಮೂರನೇ ದಿನ ಅಡಿಗೆ ಹಳೇ ಪತ್ರಿಕೆ ಹಾಸಿ, ನೀರು ತುಂಬಿ, ಮುಟ್ಟದೇ ಬಿಟ್ಟೆ. ಸಂಜೆಗೆ ಕಾಗದ ನೆನೆದು ಹಿಂಬದಿಯ ಅಕ್ಷರಗಳೆಲ್ಲ ಈ ಕಡೆಗೆ ಕಾಣುತ್ತಿದ್ದವು. ಇನ್ನು ನೆಪ ಹೇಳುವ ಹಾಗಿರಲಿಲ್ಲ. ನಾನೇ ತಿರುಗಿಸಿ, ನಾನೇ ಸುಟ್ಟ ಸ್ಟೋನ್‌ವೇರ್ ಮಗ್ ಸೋರುತ್ತಿತ್ತು.

ಸ್ಟೋನ್‌ವೇರ್ ಸೋರಬಾರದು, ಅದೇ ಅದರ ಹೆಚ್ಚುಗಾರಿಕೆ. ಕೆಂಪು ಮಡಕೆ 1000 ಡಿಗ್ರಿ ಆಸುಪಾಸಿನಲ್ಲಿ ಸುಟ್ಟಿರುತ್ತದೆ, ಅದರೊಳಗಿನ ಸಣ್ಣ ಸಣ್ಣ ರಂಧ್ರಗಳು ಹಾಗೇ ಉಳಿದಿರುತ್ತವೆ. ಆ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಮಡಕೆ ನೀರು ತಂಪಾಗುವುದು. ಸ್ಟೋನ್‌ವೇರ್ ಮಣ್ಣನ್ನು 1200ರಿಂದ 1300 ಡಿಗ್ರಿವರೆಗೆ ಸುಡುತ್ತಾರೆ. ಆ ಶಾಖಕ್ಕೆ ಮಣ್ಣಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ, ಗಾಜಾಗಿ, ರಂಧ್ರಗಳನ್ನು ತುಂಬಿಬಿಡುತ್ತದೆ. ಮೇಲೆ ಗ್ಲೇಜ್, ಅಂದರೆ ಗಾಜಿನ ಲೇಪ, ಇಲ್ಲದಿದ್ದರೂ ಒಳ್ಳೆಯ ಸ್ಟೋನ್‌ವೇರ್ ನೀರು ಹಿಡಿಯಬೇಕು. ನನ್ನದು ಗ್ಲೇಜ್ ಇದ್ದೂ ಸೋರುತ್ತಿದೆ ಅಂದರೆ ತಪ್ಪು ಎಲ್ಲೋ ಆಳದಲ್ಲಿದೆ.

ನನ್ನ ಸ್ಟುಡಿಯೋ ಅಂದರೆ ಮನೆಯ ಒಂದು ಸಣ್ಣ ಕೋಣೆ. ಒಂದು ತಿಗುರಿ, ಒಂದು ನಾದುವ ಕಲ್ಲು, ಗ್ಲೇಜ್ ಬಕೆಟ್‌ಗಳು, ಮೂಲೆಯಲ್ಲಿ ಮೇಲಿನಿಂದ ತುಂಬುವ ಪುಟ್ಟ ಎಲೆಕ್ಟ್ರಿಕ್ ಕಿಲ್ನ್, ಅಂದರೆ ಮಣ್ಣಿನ ಪಾತ್ರೆ ಸುಡುವ ಗೂಡು. ಒಳಗೆ ಮೂರು ಶೆಲ್ಫ್, ಒಂದೊಂದರಲ್ಲಿ ಸಾಮಾನ್ಯವಾಗಿ ಮೂರು ಮಗ್. ಒಂದು ಸಲಕ್ಕೆ ಒಂಬತ್ತು. ಕುಂಬಾರರು ಶಾಖ ಅಳೆಯುವ ಲೆಕ್ಕದಲ್ಲಿ ಮಣ್ಣು ಕೋನ್ 6ರದ್ದು, ಅಂದರೆ ಸುಮಾರು 1220 ಡಿಗ್ರಿಗೆ ಪಕ್ವವಾಗುವಂಥದ್ದು. ಕಂಟ್ರೋಲರ್ ಎಂದಿನಂತೆ 1222 ತೋರಿಸಿ, ಹತ್ತು ನಿಮಿಷ ನಿಂತು, ಆಫ್ ಆಗಿತ್ತು. ಆವತ್ತು ನನಗೆ ಅನುಮಾನ ಬರುವ ಹಾಗೆ ಏನೂ ಇರಲಿಲ್ಲ.

ಮೊದಲ ಅನುಮಾನ ಗ್ಲೇಜ್ ಮೇಲೆ

ಸೋರುವ ಮಗ್ ಒಳಗೆ ಪೆನ್ನಿನ ಶಾಯಿ ಸವರಿ ಒರೆಸಿದೆ. ಕೂದಲೆಳೆಯಂಥ ಗೆರೆಗಳ ಬಲೆ ಎದ್ದು ಕಂಡಿತು. ಗ್ಲೇಜ್ ಸೀಳಿದೆ. ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಹೀಗಾಗುತ್ತದೆ, ಚಿಕ್ಕ ಅಂಗಿ ತೊಟ್ಟ ಹಾಗೆ. ಇದಕ್ಕೆ ಎಲ್ಲರೂ ಹೇಳುವ ಮದ್ದು ಗ್ಲೇಜ್‌ನಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಪುಡಿ, ಸ್ವಲ್ಪ ಜಾಸ್ತಿ ಮಾಡುವುದು. ನಾನು ಬಳಸುವುದು ಐದು ಪುಡಿ ಸಮಸಮ ಹಾಕುವ ಸುಲಭದ ಗ್ಲೇಜ್: ಫ್ರಿಟ್ (ಪುಡಿ ಮಾಡಿದ ಗಾಜು), ವೊಲಾಸ್ಟೊನೈಟ್ (ಸುಣ್ಣಾಂಶದ ಖನಿಜ), ಫೆಲ್ಡ್‌ಸ್ಪಾರ್, ಕೇಓಲಿನ್ (ಬಿಳಿ ಜೇಡಿಮಣ್ಣು), ಸಿಲಿಕಾ, ತಲಾ 20 ಭಾಗ. ಉತ್ಸಾಹದಲ್ಲಿ ಸಿಲಿಕಾ 25ಕ್ಕೆ ಏರಿಸಿ ಹೊಸ ಬಕೆಟ್ ಕಲಸಿ, 80 ಮೆಶ್ ಜರಡಿಯಲ್ಲಿ ಎರಡು ಸಲ ಸೋಸಿಯೂ ಇಟ್ಟೆ.

ಆಮೇಲೆ ಕೂತು ಯೋಚಿಸಿದೆ. ಕಿಲ್ನ್‌ನಿಂದ ತೆಗೆದ ದಿನ ಈ ಗೆರೆ ಇರಲಿಲ್ಲ. ಕೆಲವು ದಿನ ಬಳಸಿದ ಮೇಲೆ ಬಂದಿವೆ. ಹಾಗಿದ್ದರೆ ಗ್ಲೇಜ್ ಕುಗ್ಗಿದ್ದಷ್ಟೇ ಅಲ್ಲ, ಕೆಳಗಿನ ಮಣ್ಣು ನೀರು ಕುಡಿದು ಉಬ್ಬುತ್ತಿರಬಹುದು. ರಂಧ್ರ ಉಳಿದ ಮಣ್ಣು ಹಾಗೆ ಮಾಡುತ್ತದೆ, ನಿಧಾನಕ್ಕೆ ತೇವ ಹೀರಿ ಚೂರೇ ಚೂರು ಹಿಗ್ಗುತ್ತದೆ, ಗಾಜಿನ ಪದರಕ್ಕೆ ಅಷ್ಟು ಸಾಕು.

ಒಂಬತ್ತೂ ಮಗ್‌ಗಳನ್ನು ಸಾಲಾಗಿ ಪತ್ರಿಕೆ ಮೇಲೆ ನಿಲ್ಲಿಸಿ ನೀರು ತುಂಬಿದೆ. ಈ ಕೆಲಸ ಮೊದಲ ದಿನವೇ ಮಾಡಬೇಕಿತ್ತು. ಮರುದಿನ ನೋಡಿದರೆ ಮೂರು ಒದ್ದೆ, ಆರು ಒಣ. ಒಂದೇ ಮಣ್ಣಿನ ಚೀಲ, ಒಂದೇ ಬಕೆಟ್ ಗ್ಲೇಜ್, ಒಂದೇ ದಿನ ಸುಟ್ಟದ್ದು. ಕಿಲ್ನ್ ತುಂಬುವಾಗ ಪ್ರತಿ ಶೆಲ್ಫ್‌ನ ಫೋಟೋ ತೆಗೆಯುವ ಅಭ್ಯಾಸ ಇದೆ ನನಗೆ, ಯಾಕೆ ಅಂತ ಗೊತ್ತಿಲ್ಲದೇ ಮಾಡುತ್ತಿದ್ದೆ, ಆವತ್ತು ಉಪಯೋಗಕ್ಕೆ ಬಂತು. ಒದ್ದೆಯಾದ ಮೂರೂ ಕೆಳಗಿನ ಶೆಲ್ಫ್‌ನವು.

ಇನ್ನೊಂದು ವಿಷಯ, ಹೇಳಲು ನಾಚಿಕೆ. ಆ ಮೂರು ಮಗ್‌ಗಳ ಮೈ ಹೊಳಪಿಲ್ಲದೆ, ರೇಷ್ಮೆಯ ಹಾಗೆ ಮ್ಯಾಟ್ ಆಗಿ ಬಂದಿತ್ತು. ಎಷ್ಟು ಚೆನ್ನಾಗಿ ಬಂದಿದೆ ಅಂತ ನೋಡಿದವರಿಗೆಲ್ಲ ತೋರಿಸಿದ್ದೆ. ಅದು ಮ್ಯಾಟ್ ಅಲ್ಲ, ಅರ್ಧ ಬೆಂದ ಗ್ಲೇಜ್.

ಒಡೆದು ತೂಗಿದ್ದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನನ್ನ ವಿಷಯದಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಂದೇ. ಸೋರುವ ಮೂರರಲ್ಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಂದೇಟು ಹಾಕಿದೆ. ಒಡೆದ ಅಂಚನ್ನು ನೋಡಿದಾಗಲೇ ಅರ್ಧ ಉತ್ತರ ಸಿಕ್ಕಿತು: ಸುಣ್ಣದ ಕಡ್ಡಿಯ ಹಾಗೆ ಪುಡಿಪುಡಿಯಾದ, ಮಂಕಾದ ಅಂಚು. ಸರಿಯಾಗಿ ಬೆಂದ ಸ್ಟೋನ್‌ವೇರ್ ಅಂಚು ಬಿಗಿಯಾಗಿ, ಚೂಪಾಗಿ, ಸ್ವಲ್ಪ ಮಿನುಗುವ ಹಾಗಿರುತ್ತದೆ. ನಾಲಿಗೆಗೆ ತಾಗಿಸಿ ನೋಡಿದೆ, ಅಂಟಿಕೊಂಡಿತು. ರಂಧ್ರ ಇರುವ ಮಣ್ಣು ನಾಲಿಗೆಯ ತೇವ ಎಳೆಯುತ್ತದೆ, ಅದಕ್ಕೇ ಅಂಟುವುದು.

ಅಷ್ಟಕ್ಕೆ ಬಿಡದೆ ತೂಗಿಯೂ ನೋಡಿದೆ. ಪಾದದ ಹತ್ತಿರದ, ಗ್ಲೇಜ್ ಇಲ್ಲದ ಒಂದು ಚೂರನ್ನು ಚೆನ್ನಾಗಿ ಒಣಗಿಸಿ ತೂಗಿದೆ: 86.4 ಗ್ರಾಂ. ಐದು ಗಂಟೆ ಕುದಿಸಿ, ಒಂದು ದಿನ ಪೂರ್ತಿ ಆಗುವವರೆಗೆ ಅದೇ ನೀರಲ್ಲಿ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಮೇಲಿನ ಹನಿ ಒರೆಸಿ ಮತ್ತೆ ತೂಗಿದೆ: 90.7. ಹೆಚ್ಚಾದದ್ದು 4.3 ಗ್ರಾಂ, ಅದನ್ನು ಒಣ ತೂಕದಿಂದ ಭಾಗಿಸಿದರೆ ಸುಮಾರು ಶೇ. 5. ಮಣ್ಣಿನ ಚೀಲದ ಮೇಲೆ ಬರೆದಿರುವುದು ಶೇ. 1.5ರ ಒಳಗೆ ಅಂತ. ಹೋಲಿಸಲು ಮೇಲಿನ ಶೆಲ್ಫ್‌ನ ಮಗ್ ಒಡೆಯಲು ಮನಸ್ಸು ಬರಲಿಲ್ಲ, ಆದರೆ ಅದೇ ಶೆಲ್ಫ್‌ನಲ್ಲಿ ಒಂದು ಟೆಸ್ಟ್ ಟೈಲ್, ಅಂದರೆ ಪರೀಕ್ಷೆಗೆಂದು ಸುಟ್ಟ ಮಣ್ಣಿನ ಬಿಲ್ಲೆ, ಇತ್ತು. 41.2 ಇದ್ದದ್ದು 41.6 ಆಯಿತು, ಶೇ. 1. ಅಂದರೆ ಮಣ್ಣು ಸರಿ ಇದೆ. ಕಿಲ್ನ್‌ನ ಕೆಳಭಾಗ ತಣ್ಣಗಿದೆ.

ಕೋನ್ ಸುಳ್ಳು ಹೇಳಲ್ಲ

ನಾನು ಒಂದು ವರ್ಷದಿಂದ ಕೋನ್ ಇಡುವುದನ್ನೇ ಬಿಟ್ಟಿದ್ದೆ. ಡಿಜಿಟಲ್ ಕಂಟ್ರೋಲರ್ ಇರುವಾಗ ಅದೆಲ್ಲ ಯಾಕೆ ಅಂತ ಉದಾಸೀನ. ಕಂಟ್ರೋಲರ್‌ಗೆ ಗೊತ್ತಿರುವುದು ಥರ್ಮೋಕಪಲ್ ಅನ್ನುವ ಬಿಸಿ ಅಳೆಯುವ ತಂತಿಯ ತುದಿ ಇರುವ ಒಂದೇ ಒಂದು ಜಾಗದ ಬಿಸಿ. ನನ್ನ ಕಿಲ್ನ್‌ನಲ್ಲಿ ಆ ತುದಿ ಗೋಡೆಯ ನಡುಮಟ್ಟಕ್ಕಿಂತ ಸ್ವಲ್ಪ ಮೇಲಿದೆ. ಕೆಳಗಿನ ಮೂಲೆಯಲ್ಲಿ ಏನಾಗುತ್ತಿದೆ ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ.

ಕೋನ್ ಬೇರೆ ಥರದ ಅಳತೆ. ಅದೂ ಮಣ್ಣು, ಫೆಲ್ಡ್‌ಸ್ಪಾರ್, ಸಿಲಿಕಾದಂಥ ಪದಾರ್ಥಗಳಿಂದಲೇ ಮಾಡಿದ ಪುಟ್ಟ ಗೋಪುರ, ಇಂತಿಷ್ಟು ಶಾಖ ಕುಡಿದ ಮೇಲೆ ಮೆತ್ತಗಾಗಿ ಬಾಗುತ್ತದೆ. ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ ಇದನ್ನು ಬಳಕೆಗೆ ತಂದ, ಅಮೆರಿಕದ ಎಡ್ವರ್ಡ್ ಆರ್ಟನ್ 1896ರಲ್ಲಿ ತಯಾರಿಸಲು ಶುರು ಮಾಡಿದ, ಇವತ್ತಿಗೂ ಸ್ಟುಡಿಯೋಗಳಲ್ಲಿ ಆರ್ಟನ್ ಕೋನ್‌ಗಳೇ ಓಡುತ್ತಿವೆ. ಅದು ಬರೀ ಬಿಸಿಯನ್ನಲ್ಲ, ಬಿಸಿ ಮತ್ತು ಸಮಯ ಎರಡನ್ನೂ ಸೇರಿಸಿ ತೋರಿಸುತ್ತದೆ. ಗಂಟೆಗೆ 60 ಡಿಗ್ರಿಯಂತೆ ನಿಧಾನಕ್ಕೆ ಏರಿಸಿದರೆ ಕೋನ್ 6 ಸುಮಾರು 1220ಕ್ಕೆ ಬಾಗುತ್ತದೆ, ಗಂಟೆಗೆ 150ರ ವೇಗದಲ್ಲಿ ಓಡಿಸಿದರೆ ಅದೇ ಕೋನ್ ಬಾಗಲು ಇನ್ನೂ ಇಪ್ಪತ್ತು ಡಿಗ್ರಿ ಬೇಕು. ಮಣ್ಣು ಬೇಯುವುದೂ ಹೀಗೇ ಅಲ್ವಾ.

ಹಾಗಾಗಿ ಪ್ರತಿ ಶೆಲ್ಫ್‌ನಲ್ಲೂ 5, 6, 7 (ಸಂಖ್ಯೆ ಏರಿದಷ್ಟೂ ಬಾಗಲು ಹೆಚ್ಚು ಶಾಖ ಬೇಕು) ಮೂರು ಕೋನ್ ಸಾಲಾಗಿ ಇಟ್ಟು, ಮುರುಕು ತುಂಡು, ಹಳೇ ಟೈಲ್ ತುಂಬಿ, ಎಂದಿನ ಪ್ರೋಗ್ರಾಂ ಹಾಕಿದೆ: 600ರವರೆಗೆ ಗಂಟೆಗೆ 100, 1100ರವರೆಗೆ ಗಂಟೆಗೆ 150, ಅಲ್ಲಿಂದ 1222ಕ್ಕೆ ಗಂಟೆಗೆ 60, ಕೊನೆಗೆ ಹತ್ತು ನಿಮಿಷ ನಿಲುಗಡೆ. ಲೆಕ್ಕದ ಪ್ರಕಾರ 11 ಗಂಟೆ 20 ನಿಮಿಷ ಸಾಕು. ತೆಗೆದುಕೊಂಡದ್ದು 14 ಗಂಟೆ.

ಮುಚ್ಚಳ ತೆಗೆದಾಗ ಮೇಲಿನ ಶೆಲ್ಫ್‌ನಲ್ಲಿ 5 ಮತ್ತು 6 ಪೂರ್ತಿ ಮಲಗಿದ್ದವು, 7 ಕೂಡ ತಲೆ ಬಾಗಿಸಿತ್ತು. ನಡುವಿನ ಶೆಲ್ಫ್‌ನಲ್ಲಿ 6 ಸರಿಯಾಗಿ ಬಾಗಿತ್ತು. ಕೆಳಗೆ 5 ಸುಮ್ನೆ ತೂಕಡಿಸಿದ ಹಾಗೆ ಒಂದಿಷ್ಟು ವಾಲಿತ್ತು, 6 ಮತ್ತು 7 ಸೆಟೆದು ನಿಂತಿದ್ದವು, ಅಂಚುಗಳು ಕೂಡ ಮೊಂಡಾಗಿರಲಿಲ್ಲ. ಒಂದೇ ಕಿಲ್ನ್‌ನಲ್ಲಿ, ಒಂದೇ ರಾತ್ರಿ, ಮೇಲೆ ಜಾಸ್ತಿ ಬೆಂದು ಕೆಳಗೆ ಹಸಿ ಉಳಿದಿದೆ. ನಿಧಾನವಾಗಿ ಏರಿದ್ದರಿಂದ ಮೇಲಿನವು ಬಿಸಿಯಲ್ಲಿ ಹೆಚ್ಚು ಹೊತ್ತು ಕೂತಿವೆ, ಕೆಳಗಿನವಕ್ಕೆ ಬಿಸಿ ತಲುಪೇ ಇಲ್ಲ.

ಆಮೇಲೆ ಪುಸ್ತಕ ತೆರೆದೆ, ಪ್ರತಿ ಫೈರಿಂಗ್‌ನ ಸಮಯ ಬರೆದಿಡುವ ಪುಸ್ತಕ. ಹಿಂದಿನ ಮೂರು ಗ್ಲೇಜ್ ಫೈರಿಂಗ್ ತೆಗೆದುಕೊಂಡ ಗಂಟೆ, ನಿಮಿಷ: 11.20, 11.45, 13.50. ನನ್ನ ಕೈಯಲ್ಲೇ ಬರೆದಿದ್ದೇನೆ, ನೀಲಿ ಶಾಯಿಯಲ್ಲಿ. ಬರೆದವನು ಓದಿರಲಿಲ್ಲ, ಅಷ್ಟೇ.

ಬಿಚ್ಚಿದ್ದು

ಇಲ್ಲಿಂದ ಕರೆಂಟ್ ಕೆಲಸ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಕಿಲ್ನ್ ನೇರವಾಗಿ ಗೋಡೆಗೆ ವೈರ್ ಆಗಿದ್ದರೆ, ಅಥವಾ ಈ ಕೆಲಸ ಕೈಗೆ ಹೊಸದಾಗಿದ್ದರೆ, ಎಲೆಕ್ಟ್ರಿಷಿಯನ್ ಕರೆಯಿರಿ. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನಿಲ್ಲ.

ಪಕ್ಕದ ಕವರ್ ಬಿಚ್ಚಿ, ಯಾವ ವೈರ್ ಎಲ್ಲಿಗೆ ಅಂತ ನಾಲ್ಕು ಫೋಟೋ ತೆಗೆದುಕೊಂಡೆ. ನನ್ನ ಕಿಲ್ನ್‌ನಲ್ಲಿ ಐದು ಎಲಿಮೆಂಟ್, ಅಂದರೆ ಕಾಯುವ ಸುರುಳಿ ತಂತಿ, ಒಂದೊಂದಕ್ಕೂ ಬೇರೆ ಬೇರೆ ಸಂಪರ್ಕ. ಹೊಸದಿದ್ದಾಗ ಒಂದೊಂದರ ಅಡ್ಡಿ, ಅಂದರೆ ಕರೆಂಟ್‌ಗೆ ಒಡ್ಡುವ ತಡೆ, 60 ಓಮ್ ಅಂತ ಕವರ್ ಒಳಗಿನ ಚೀಟಿ ಹೇಳುತ್ತದೆ. ಮಲ್ಟಿಮೀಟರ್‌ನ ಎರಡು ಮೊನೆ ಒಂದಕ್ಕೊಂದು ತಾಗಿಸಿ ವೈರ್‌ನದ್ದೇ ಅಡ್ಡಿ ಎಷ್ಟು ಅಂತ ನೋಡಿ, ಅಷ್ಟನ್ನು ಕಳೆದು ಬರೆದುಕೊಂಡೆ. ಮೇಲಿನಿಂದ: 63.1, 63.8, 63.5, 62.9. ಐದನೆಯದಕ್ಕೆ ಮೀಟರ್ ಸಂಖ್ಯೆಯನ್ನೇ ತೋರಿಸಲಿಲ್ಲ, ಬರೀ ಓಎಲ್. ತಂತಿ ಎಲ್ಲೋ ತುಂಡಾಗಿದೆ.

ಹಳೆಯ ನಾಲ್ಕರ ಬಗ್ಗೆ ಒಂದು ಮಾತು. ಎಲಿಮೆಂಟ್ ಹಳತಾದಷ್ಟೂ ಅದರ ಅಡ್ಡಿ ಏರುತ್ತದೆ, ಅಡ್ಡಿ ಏರಿದಷ್ಟು ಕರೆಂಟ್ ಕಡಿಮೆ ಹರಿಯುತ್ತದೆ, ಬಿಸಿ ಕಡಿಮೆಯಾಗುತ್ತದೆ. ಹೊಸತಿದ್ದಾಗಿನ ಸಂಖ್ಯೆಗಿಂತ ಶೇ. 10 ಏರಿದರೆ ಬದಲಿಸಿ ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ನನ್ನವು ಶೇ. 5, 6ರ ಹತ್ತಿರ. ಇನ್ನೂ ದುಡಿಯುತ್ತವೆ.

ಟಾರ್ಚ್ ಹಿಡಿದು ಕಿಲ್ನ್ ಒಳಗೆ ತಲೆ ಹಾಕಿ ಎಲಿಮೆಂಟ್ ಕೂರುವ ಕೆಳಗಿನ ತೋಡನ್ನು ಒಂದೊಂದು ಬೆರಳುದ್ದವಾಗಿ ನೋಡುತ್ತಾ ಹೋದೆ. ಹಿಂಬದಿಯ ಮೂಲೆಯಲ್ಲಿ ಸಿಕ್ಕಿತು. ಇಟ್ಟಿಗೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಹಸಿರು ಗಾಜಿನ ಗುಳಿ, ಅದರೊಳಗೆ ಹೂತುಹೋದ ತಂತಿಯ ಎರಡು ಸುರುಳಿ, ಆ ಎರಡರ ನಡುವೆ ಕೂದಲು ತೂರುವಷ್ಟು ಸೀಳು. ಗುರುತಿಸಿದೆ ಆ ಹಸಿರನ್ನು. ನಾಲ್ಕು ತಿಂಗಳ ಹಿಂದೆ ಒಂದು ಬೋಗುಣಿಗೆ ಆ ಗ್ಲೇಜ್ ದಪ್ಪ ಹಚ್ಚಿದ್ದೆ, ಅದು ಹರಿದು ಶೆಲ್ಫ್ ಅಂಚಿನಿಂದ ಕೆಳಗೆ ತೊಟ್ಟಿಕ್ಕಿತ್ತು. ಶೆಲ್ಫ್ ಮೇಲಿನದನ್ನು ಉಳಿಯಿಂದ ಕೆತ್ತಿ, ಗ್ಲೇಜ್ ಅಂಟದಿರಲು ಹಚ್ಚುವ ಕಿಲ್ನ್ ವಾಶ್ ಮತ್ತೆ ಬಳಿದು ಮರೆತೆ. ಒಂದು ಹನಿ ಗೋಡೆಯ ತೋಡಿಗೆ ಹೋಗಿ ಕೂತಿದ್ದನ್ನು ನೋಡಿರಲಿಲ್ಲ. ಈ ತಂತಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ. ಅದರ ಮೇಲೆ ಬೆಳೆಯುವ ಅಲ್ಯೂಮಿನಿಯಂ ಆಕ್ಸೈಡ್‌ನ ತೆಳು ಪೊರೆಯೇ ಅದನ್ನು ಕಾಯುವುದು. ಕರಗಿದ ಗ್ಲೇಜ್ ಆ ಪೊರೆಯನ್ನು ಕರಗಿಸಿಬಿಡುತ್ತದೆ, ಆಮೇಲೆ ಪ್ರತಿ ಫೈರಿಂಗ್‌ನಲ್ಲೂ ತಂತಿಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ. 11.45 ಆದ ದಿನ ಅದು ಸಾಯುತ್ತಿತ್ತು, 13.50ರ ದಿನ ಸತ್ತೇ ಹೋಗಿತ್ತು. ಐದರಲ್ಲಿ ಒಂದು ಹೋದರೂ ಉಳಿದ ನಾಲ್ಕು ಏದುಸಿರು ಬಿಡುತ್ತಾ 1222 ಮುಟ್ಟಿಸಿದ್ದವು, ಅದಕ್ಕೇ ಕಂಟ್ರೋಲರ್‌ಗೆ ಗೊತ್ತಾಗಲಿಲ್ಲ.

ಹೊಸ ಎಲಿಮೆಂಟ್

ಹಳೆಯದನ್ನು ತೆಗೆಯುವುದು ತೆಗೆಯುವ ಕೆಲಸವೇ ಅಲ್ಲ, ಮುರಿಯುವ ಕೆಲಸ. ಒಮ್ಮೆ ಕಾದ ಮೇಲೆ ಈ ತಂತಿ ಒಣ ಕಡ್ಡಿಯ ಹಾಗೆ ಪೆಡಸಾಗುತ್ತದೆ, ಸ್ವಲ್ಪ ಎಳೆದರೆ ಪಟ್ ಅಂತ ತುಂಡು. ಕನ್ನಡಕ ಹಾಕಿಕೊಳ್ಳಿ. ತುಂಡು ತುಂಡಾಗಿ ಹೊರಗೆ ಬಂತು.

ಗಾಜಿನ ಗುಳಿ ಇದ್ದ ಜಾಗವನ್ನು ಹಾಗೇ ಬಿಟ್ಟರೆ ಹೊಸ ತಂತಿಗೂ ಅದೇ ಗತಿ. ಕಿಲ್ನ್ ಇಟ್ಟಿಗೆ ತುಂಬಾ ಮೃದು, ಹಳೇ ಚಾಕುವಿನಿಂದ ಕೆತ್ತಬಹುದು. ಗಾಜು ಪೂರ್ತಿ ಹೋಗಿ ಬಿಳಿ ಇಟ್ಟಿಗೆ ಕಾಣುವವರೆಗೆ ಕೆತ್ತಿದೆ. ಅಲ್ಲಿಗೆ ಹೊಂದುವ ಹಾಗೆ ಹಳೇ ಇಟ್ಟಿಗೆಯ ಚೂರೊಂದನ್ನು ಉಜ್ಜಿ ಉಜ್ಜಿ ಆಕಾರಕ್ಕೆ ತಂದು, ಎರಡೂ ಬದಿಗೆ ನೀರು ಚಿಮುಕಿಸಿ, ಕಿಲ್ನ್ ಸಿಮೆಂಟ್ ತೆಳ್ಳಗೆ ಸವರಿ ಕೂರಿಸಿದೆ. ನೀರು ಚಿಮುಕಿಸದಿದ್ದರೆ ಒಣ ಇಟ್ಟಿಗೆ ಸಿಮೆಂಟಿನ ತೇವವನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಡುತ್ತದೆ, ಚೂರು ಹಿಡಿಯುವುದಿಲ್ಲ. ಮೊದಲ ಸಲ ನನಗೆ ಹಾಗೇ ಆಯಿತು, ಕೈ ತೆಗೆದ ತಕ್ಷಣ ಉದುರಿತು. ತೋಡಿನ ಪುಡಿಯನ್ನೆಲ್ಲ ಸಣ್ಣ ದೂಳು ಹಿಡಿಯುವ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಎಳೆದೆ. ಮುಖಕ್ಕೆ ಮಾಸ್ಕ್ ಇತ್ತು. ಇಟ್ಟಿಗೆ ಪುಡಿ, ಒಣ ಮಣ್ಣಿನ ದೂಳು, ಗ್ಲೇಜ್ ಪುಡಿ, ಇವೆಲ್ಲ ಶ್ವಾಸಕೋಶಕ್ಕೆ ಕೆಟ್ಟದ್ದು. ಸಿಲಿಕಾ ದೂಳು ಒಳಗೆ ಹೋದರೆ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್. ಸ್ಟುಡಿಯೋದಲ್ಲಿ ಪೊರಕೆ ಬಳಸುವುದನ್ನು ನಾನು ಎಂದೋ ಬಿಟ್ಟಿದ್ದೇನೆ, ಎಲ್ಲಾ ಒದ್ದೆ ಬಟ್ಟೆಯೇ.

ಹೊಸ ಎಲಿಮೆಂಟ್ ಬಿಗಿ ಸುರುಳಿಯಾಗಿ ಬಂದಿತ್ತು. ದಾರ ಹಿಡಿದು ತೋಡಿನ ಸುತ್ತಳತೆ ತೆಗೆದು, ನೆಲದ ಮೇಲೆ ಅಷ್ಟುದ್ದ ಟೇಪ್ ಅಂಟಿಸಿ, ಎರಡೂ ತುದಿ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆದೆ. ಇದರಲ್ಲಿ ಆತುರ ಬೇಡ. ಜಾಸ್ತಿ ಎಳೆದುಬಿಟ್ಟರೆ ಮತ್ತೆ ಒತ್ತಿ ಸರಿ ಮಾಡುವುದು ಕಷ್ಟ, ಒಂದು ಕಡೆ ಸುರುಳಿ ದಟ್ಟ, ಇನ್ನೊಂದು ಕಡೆ ವಿರಳ ಆದರೆ ಬಿಸಿಯೂ ಹಾಗೇ ಏರುಪೇರು. ಇಕ್ಕಳದಿಂದ ಬಿಗಿಯಾಗಿ ಹಿಡಿದು ಗಾಯ ಮಾಡಬಾರದು, ಗಾಯವಾದ ಜಾಗದಲ್ಲೇ ಮುಂದೆ ಸುಟ್ಟು ತುಂಡಾಗುವುದು. ತೋಡಿಗೆ ಕೂರಿಸುವಾಗ ಮೂಲೆ ಮೂಲೆಯಲ್ಲಿ ಎಗರಿ ಹೊರಗೆ ಬರುತ್ತಿತ್ತು. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆ. ಮುಕ್ಕಾಲು ಗಂಟೆ ಅದರ ಜೊತೆ ಗುದ್ದಾಡಿ, ಪ್ರತಿ ಮೂಲೆಗೂ ಒಂದೊಂದು ಪಿನ್ ಚುಚ್ಚಿದ ಮೇಲೆ ತೆಪ್ಪಗಾಯಿತು. ಬಾಲದ ತಂತಿಗಳನ್ನು ಪಿಂಗಾಣಿ ಕೊಳವೆಯ ಮೂಲಕ ಹೊರಗೆಳೆದು, ಟರ್ಮಿನಲ್‌ಗೆ ಹೊಸ ನಟ್ಟು, ಹೊಸ ವಾಶರ್ ಹಾಕಿ ಬಿಗಿದೆ. ಹಳೇ ನಟ್ಟು ತುಕ್ಕು ಹಿಡಿದು ಕಪ್ಪಾಗಿತ್ತು. ಸಡಿಲ ಜೋಡಣೆ ಅಲ್ಲೇ ಕಾದು ವೈರ್ ಸುಡುತ್ತದೆ. ಮೀಟರ್ ಹಿಡಿದೆ: 60.2. ಕವರ್ ಮುಚ್ಚುವ ಮೊದಲು ಐದೂ ಸಂಖ್ಯೆ ಮತ್ತು ತಾರೀಖನ್ನು ಕವರಿನ ಒಳಬದಿಗೇ ಮಾರ್ಕರ್‌ನಲ್ಲಿ ಬರೆದೆ. ಪುಸ್ತಕದಲ್ಲಿ ಬರೆದರೆ ನಾನು ಓದಲ್ಲ ಅನ್ನುವುದು ಸಾಬೀತಾಗಿದೆಯಲ್ಲ.

ಮೊದಲ ಸಲ ಖಾಲಿ ಕಿಲ್ನ್ ಅನ್ನೇ 1050ಕ್ಕೆ ಏರಿಸಿ ಕೆಲವು ಗಂಟೆ ನಿಲ್ಲಿಸಿದೆ, ಗಾಳಿ ಆಡಲು ಇಣುಕುಗಂಡಿ ತೆರೆದಿಟ್ಟು. ಹೊಸ ತಂತಿಯ ಮೇಲೆ ಆ ಆಕ್ಸೈಡ್ ಪೊರೆ ಕೂರಲಿ ಅಂತ. ಮಿರುಗುತ್ತಿದ್ದ ತಂತಿ ಮುಚ್ಚಳ ತೆರೆದು ನೋಡುವಾಗ ಮಂಕು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ನಂತರ ಮತ್ತೆ ಕೋನ್ ಇಟ್ಟು, ತುಂಡು ಟೈಲ್‌ಗಳ ಜೊತೆ, ಪೂರ್ತಿ 1222. 11 ಗಂಟೆ 20 ನಿಮಿಷ, ಒಂದು ನಿಮಿಷ ಆಚೀಚೆ ಇಲ್ಲ. ಮೂರೂ ಶೆಲ್ಫ್‌ನಲ್ಲಿ 5 ಮಲಗಿದೆ, 6 ಬಾಗಿ ತುದಿ ಕೆಳಗೆ ಮುಟ್ಟುವಷ್ಟಾಗಿದೆ, 7 ನೆಟ್ಟಗಿದೆ. ಕೆಳಗಿನ 6 ಮಾತ್ರ ಒಂದು ಚೂರು ಕಡಿಮೆ ಬಾಗಿತ್ತು. ಮೇಲಿನಿಂದ ತುಂಬುವ ಕಿಲ್ನ್‌ಗಳ ತಳ ಹುಟ್ಟುಗುಣದಿಂದಲೇ ಸ್ವಲ್ಪ ತಣ್ಣಗಿರುತ್ತದೆ, ಅಲ್ಲಿರುವ ಎಲಿಮೆಂಟ್ ಹೊಸದಾಗಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಮತ್ತೆ ಒಂಬತ್ತು ಮಗ್

ಇಷ್ಟೆಲ್ಲ ಆದ ಮೇಲೆ ಮಣ್ಣಿಗೆ ಕೈ ಹಾಕಿದಾಗ ಏನು ಖುಷಿ. ಒಂದೊಂದಕ್ಕೆ 400 ಗ್ರಾಂ, ಕಿವಿಯ ಹಾಲೆಯಷ್ಟು ಮೆತ್ತಗಿರುವ ಹದ. ನೂರು ಸಲ ನಾದಿ ಗಾಳಿಗುಳ್ಳೆ ತೆಗೆದು ಉಂಡೆ ಕಟ್ಟಿದೆ. ನನ್ನ ಮಣ್ಣು ಹಸಿಯಿಂದ ಕೊನೆಯ ಬೆಂಕಿಯವರೆಗೆ ಶೇ. 12 ಕುಗ್ಗುತ್ತದೆ, ಹಾಗಾಗಿ 11 ಸೆಂಟಿಮೀಟರ್ ಎತ್ತರಕ್ಕೆ ಎಳೆದರೆ ಕೈಗೆ ಬರುವುದು 9.7. ತಿಗುರಿಯ ಮೇಲೆ ಉಂಡೆಯನ್ನು ನಡುಮಧ್ಯಕ್ಕೆ ತಂದು, ತೋಡಿ, ತಳ ಅಗಲಿಸಿದ ಮೇಲೆ ಮರದ ಪಟ್ಟಿಯಿಂದ ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಮೂರು ನಾಲ್ಕು ಸಲ ಒತ್ತುತ್ತೇನೆ. ಗೋಡೆ ಎಳೆಯುವಾಗ ಮಣ್ಣು ತಾನಾಗಿ ಒತ್ತಡ ತಿನ್ನುತ್ತದೆ, ತಳಕ್ಕೆ ಆ ಭಾಗ್ಯ ಇಲ್ಲ. ಒತ್ತದೇ ಬಿಟ್ಟರೆ ಒಣಗುವಾಗ ತಳದಲ್ಲಿ ಹಾವಿನಂತೆ ಬಳುಕಿದ ಬಿರುಕು ಬರುತ್ತದೆ. ನನ್ನ ಮೊದಲ ವರ್ಷದ ಅರ್ಧ ಪಾತ್ರೆಗಳು ಹಾಗೇ ಹೋದವು.

ಹಿಡಿ ಹಚ್ಚುವುದು ನನಗೆ ಈಗಲೂ ಕಿರಿಕಿರಿ. ಮಗ್ ಮತ್ತು ಹಿಡಿ ಎರಡೂ ಒಂದೇ ಹದಕ್ಕೆ ಬರಬೇಕು, ಬೆರಳು ಒತ್ತಿದರೆ ಗುರುತು ಮೂಡಬೇಕು ಆದರೆ ಆಕಾರ ಕೆಡಬಾರದು. ಒದ್ದೆ ಹಿಡಿಯನ್ನು ಒಣ ಮಗ್‌ಗೆ ಹಚ್ಚಿದರೆ ಹಿಡಿ ಜಾಸ್ತಿ ಕುಗ್ಗಿ ಸಂದಿಯಲ್ಲೇ ಕಿತ್ತುಕೊಳ್ಳುತ್ತದೆ. ಎರಡೂ ಕಡೆ ಗೀರಿ, ಅದೇ ಮಣ್ಣಿನ ಗಟ್ಟಿ ಕೆಸರು ಹಚ್ಚಿ, ಒತ್ತಿ, ಸಂದಿಯ ಸುತ್ತ ಒಂದು ಎಳೆ ಮಣ್ಣು ತುಂಬಿ ಸವರಿದೆ. ಒಂಬತ್ತನ್ನೂ ಪ್ಲಾಸ್ಟಿಕ್ ಹೊದಿಸಿ ಎರಡು ದಿನ ಇಟ್ಟು, ಆಮೇಲೆ ನಿಧಾನಕ್ಕೆ ತೆರೆದೆ. ಆದರೂ ಒಂದು ಮಗ್ ಮೇಲಿನ ಸಂದಿಯಲ್ಲಿ ಬಿಟ್ಟುಕೊಂಡಿತು. ಅದಕ್ಕೆ ಕೊನೆಯಲ್ಲಿ ಹಿಡಿ ಹಚ್ಚಿದ್ದೆ, ಅಷ್ಟೊತ್ತಿಗೆ ಮಗ್ ಒಂದು ಹದ ಮೀರಿತ್ತು. ಎಂಟು ಉಳಿದವು.

ಆಮೇಲೆ ಬಿಸ್ಕ್ ಫೈರಿಂಗ್, ಅಂದರೆ ಗ್ಲೇಜ್ ಹಚ್ಚುವ ಮುಂಚಿನ ಸುಡುವಿಕೆ. ಅದರಲ್ಲಿ ಮೊದಲು 90 ಡಿಗ್ರಿಯಲ್ಲಿ ಮೂರು ಗಂಟೆ. ನೀರು ಕುದಿಯುವ ಬಿಸಿಯ ಒಳಗೇ ಉಳಿದ ತೇವ ಹೊರಗೆ ಹೋಗಲಿ ಅಂತ, ಯಾಕೆಂದರೆ ಮಣ್ಣಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಹಿಗ್ಗಿದರೆ ಮಗ್ ಸಿಡಿಯುತ್ತದೆ. ಮೇಲಿನ ಗಂಡಿಗೆ ಕನ್ನಡಿ ಹಿಡಿದೆ. ಮಂಜು ಕವಿಯಿತು. ಇನ್ನೊಂದು ಗಂಟೆ ಬಿಟ್ಟು ಮತ್ತೆ ಹಿಡಿದೆ, ನನ್ನ ಮುಖ ಸ್ಪಷ್ಟವಾಗಿ ಕಂಡಿತು, ಗಂಡಿ ಮುಚ್ಚಿದೆ. ಅಲ್ಲಿಂದ 600ರವರೆಗೆ ಗಂಟೆಗೆ 60 ಮಾತ್ರ. ಆ ದಾರಿಯಲ್ಲಿ ಮಣ್ಣಿನ ಕಣಗಳಲ್ಲೇ ಬೆಸೆದುಕೊಂಡ ನೀರು ಬಿಡುಗಡೆಯಾಗುತ್ತದೆ, 573ಕ್ಕೆ ಕ್ವಾರ್ಟ್ಜ್ ಕಣಗಳು ಒಮ್ಮೆಲೇ ಹಿಗ್ಗುತ್ತವೆ. ನಂತರ ಕೋನ್ 04ರವರೆಗೆ, ಸುಮಾರು 1060.

ಗ್ಲೇಜ್ ಹಳೇ ಬಕೆಟ್‌ನದ್ದೇ, ತಲಾ 20ರದ್ದು. ಸಿಲಿಕಾ ಏರಿಸಿದ ಬಕೆಟ್ ಮುಚ್ಚಳ ಹಾಕಿಕೊಂಡು ಮೂಲೆಯಲ್ಲಿದೆ, ನನ್ನ ಆತುರದ ನೆನಪಿಗೆ. 100 ಮಿಲಿಲೀಟರ್ ಅಳೆದು ತೂಗಿದರೆ 145 ಗ್ರಾಂ ಬರುವಷ್ಟು ನೀರು ಹಾಕಿದೆ. ಕಣ್ಣಂದಾಜಿಗೆ ಬಿಟ್ಟರೆ ಒಂದು ವಾರ ತೆಳು, ಇನ್ನೊಂದು ವಾರ ದಪ್ಪ. ಮೂರು ಸೆಕೆಂಡ್ ಅದ್ದಿ ತೆಗೆದೆ. ಈ ಸಲ ಪಾದದಿಂದ ಐದು ಮಿಲಿಮೀಟರ್ ಮೇಲಿನವರೆಗೆ ಒದ್ದೆ ಸ್ಪಂಜಿನಲ್ಲಿ ಒರೆಸಿದೆ, ಹರಿದರೂ ಶೆಲ್ಫ್ ಮುಟ್ಟದ ಹಾಗೆ. ಶೆಲ್ಫ್‌ಗಳನ್ನು ಗೋಡೆಯಿಂದ ಎರಡು ಬೆರಳು ದೂರ ಇಟ್ಟೆ.

ಉಳಿದಿದ್ದ ಎರಡು ಸೋರುವ ಮಗ್‌ಗಳನ್ನೂ ಒಳಗೆ ಹಾಕಿದೆ, ಸುಮ್ನೆ ನೋಡೋಣ ಅಂತ. ಕುಡಿದ ನೀರೆಲ್ಲ ಹೋಗಲಿ ಅಂತ ಮೊದಲು ಒಂದು ದಿನ ಬಿಸಿಲಲ್ಲಿಟ್ಟು, ಆಮೇಲೆ ಕಿಲ್ನ್‌ನಲ್ಲೂ 90ರಲ್ಲಿ ಎರಡು ಗಂಟೆ ನಿಲ್ಲಿಸಿದೆ. ಅಡಿಗೆ ಬಿಸ್ಕ್ ಆದ ಮಣ್ಣಿನ ಬಿಲ್ಲೆ.

ಒಂದೂವರೆ ದಿನ ಮುಚ್ಚಳ ಮುಟ್ಟಲಿಲ್ಲ. 80 ಡಿಗ್ರಿ ತೋರಿಸಿದ ಮೇಲೆ ತೆರೆದೆ. ಎಂಟು ಹೊಸ ಮಗ್‌ಗಳನ್ನು ಪತ್ರಿಕೆ ಮೇಲೆ ನಿಲ್ಲಿಸಿ ನೀರು ತುಂಬಿದೆ, ಎರಡು ದಿನ. ಎಂಟೂ ಒಣ. ಕೆಳಗಿನ ಶೆಲ್ಫ್‌ನಲ್ಲಿ ಇಟ್ಟಿದ್ದ ಗ್ಲೇಜ್ ಇಲ್ಲದ ಮಣ್ಣಿನ ಪಟ್ಟಿ 74.2 ಇದ್ದದ್ದು ಕುದಿಸಿ ನೆನೆಸಿದ ಮೇಲೆ 75.2, ಅಂದರೆ ಶೇ. 1.35. ಹಳೇ ಎರಡರಲ್ಲಿ ಒಂದರ ಗ್ಲೇಜ್ ತುಂಬಾ ಗುಳ್ಳೆ ಎದ್ದು ಹಾಳಾಗಿದೆ, ಈಗ ಅದರಲ್ಲಿ ಕುಂಚಗಳಿವೆ. ಇನ್ನೊಂದು ನೀರು ಹಿಡಿಯುತ್ತದೆ, ಶಾಯಿ ಹಚ್ಚಿದರೂ ಗೆರೆ ಇಲ್ಲ, ಆದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ರೇಷ್ಮೆ ಮೈ ಹೋಯಿತು.

ಅದು ನನಗೆ ಈಗಲೂ ಬೇಕು, ಈ ಸಲ ಪೂರ್ತಿ ಬೆಂದ ಮೇಲೂ ಉಳಿಯುವಂಥದ್ದು. ಕೇಓಲಿನ್ ಏರಿಸುತ್ತಾ ಸಿಲಿಕಾ ಇಳಿಸುತ್ತಾ ಐದು ಟೈಲ್‌ಗೆ ಗ್ಲೇಜ್ ಹಚ್ಚಿ ಇಟ್ಟಿದ್ದೇನೆ, ಹಿಂಬದಿಗೆ ಒಂದರಿಂದ ಐದು ಸಂಖ್ಯೆ ಗೀರಿ. ಮುಂದಿನ ಫೈರಿಂಗ್‌ನಲ್ಲಿ ಐದೂ ಕೆಳಗಿನ ಶೆಲ್ಫ್‌ಗೆ ಹೋಗುತ್ತವೆ, ಪಕ್ಕದಲ್ಲಿ ಮೂರು ಕೋನ್.